ನನ್ನ ಕಡೆ, ನಿಮ್ಮ ಕಡೆ

"ಬೇಡ, ಈ ದನಿಯೂ ಬೇಡ. ಟೋಕನ್ ನಂಬರ್ ಕೂಗಿದ ಹಾಗಿದೆ," ಎಂದ ಹೊಲಿಗೆ ಯಂತ್ರದ ಮೆಕ್ಯಾನಿಕ್.

ಕಾರಿನಲ್ಲಿ ದಾರಿ ಹೇಳುವ ನಾಲ್ಕನೆಯ ಜಿಪಿಎಸ್ ಯಂತ್ರವನ್ನೂ ಅಂಗಡಿಯವನು ಬೇಸರಿಸದೆ ಡಬ್ಬಕ್ಕೆ ಸೇರಿಸಿದ. ಮೊದಲನೆಯದಕ್ಕೆ ದೊಡ್ಡ ಪರದೆಯಿತ್ತು, ಆದರೆ ಗದರುತ್ತಿತ್ತು. ಎರಡನೆಯದು ಮುಂದೆ ಬರುವ ಪೆಟ್ರೋಲ್ ಬಂಕನ್ನೂ ತೋರಿಸುತ್ತಿತ್ತು, ಆದರೆ ಉಸಿರೇ ಬಿಡದೆ ಮಾತಾಡುತ್ತಿತ್ತು. ಮೂರನೆಯದು ಗಂಡಸಿನ ದನಿ. ಅದನ್ನು ಪೂರ್ತಿ ಕೇಳಲೂ ಇಲ್ಲ.

"ಫೋನಿನಲ್ಲೇ ಮ್ಯಾಪ್ ಇರುತ್ತಲ್ಲ ಸರ್?"

"ಫೋನಿನಲ್ಲಿ ದಿನವಿಡೀ ಗಿರಾಕಿಗಳು. ಅವರ ಹತ್ತಿರ ಮಾತಾಡಿದರೆ ದಾರಿ ತಪ್ಪುತ್ತೆ, ದಾರಿ ನೋಡಿದರೆ ಗಿರಾಕಿ ತಪ್ಪುತ್ತಾರೆ."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ನಕ್ಕಳು. ಮರದ ಮೇಲೆ ಉಜ್ಜುಕಾಗದ ಎಳೆದ ಹಾಗಿತ್ತು ಆ ನಗು. "ಇಪ್ಪತ್ತೆಂಟು ವರ್ಷದಿಂದ ಇವರಿಗೆ ನಾನೇ ದಾರಿ ಹೇಳೋದು," ಎಂದಳು, ಒಂದೊಂದು ಪದಕ್ಕೂ ನಿಂತು. "ಬಿಚ್ಚಿಟ್ಟ ಮಷೀನಿನ ಯಾವ ತಿರುಪು ಎಲ್ಲಿಗೆ ಅಂತ ಕಣ್ಣುಮುಚ್ಚಿ ಹೇಳ್ತಾರೆ. ಸ್ವಂತ ಮನೆ ಯಾವ ಕಡೆ ಅಂತ ಕೇಳಿ, ಬಾಯಿ ಬಿಡ್ತಾರೆ."

"ಹಾಗಾದರೆ ಈಗ ಯಂತ್ರ ಯಾಕಮ್ಮ? ನೀವೇ ಇದ್ದೀರಲ್ಲ?"

ಅವಳು ಕತ್ತಿಗೆ ಸುತ್ತಿದ್ದ ಬಟ್ಟೆಯನ್ನು ಸರಿಮಾಡಿಕೊಂಡಳು. ಗಾಜಿನ ಮೇಜಿನ ಮೇಲಿದ್ದ ತನ್ನ ಕೈಗಳನ್ನೇ ನೋಡುತ್ತ ಮೆಕ್ಯಾನಿಕ್ ಹೇಳಿದ: "ಇವತ್ತು ಸಂಜೆ ಆಸ್ಪತ್ರೆಗೆ ಸೇರಬೇಕು. ನಾಳೆ ಬೆಳಿಗ್ಗೆ ಧ್ವನಿಪೆಟ್ಟಿಗೆ ತೆಗೀತಾರೆ. ಗಡ್ಡೆ ಎಲ್ಲಿವರೆಗೆ ಹೋಗಿದೆ ಅನ್ನೋದು ತೆರೆದ ಮೇಲೇ ಗೊತ್ತಾಗೋದಂತೆ. ಅದನ್ನ ಹೇಳುವಾಗ ಡಾಕ್ಟರು ಮುಖ ಎತ್ತಲಿಲ್ಲ."

"ಕೈಸನ್ನೆ ಮಾಡ್ತೀನಿ ಅಂದೆ," ಎಂದಳು ಹೆಂಡತಿ. "ಅದನ್ನ ನೋಡೋಕೆ ಹೋಗಿ ಕಂಬಕ್ಕೆ ಗುದ್ದುತ್ತಾರೆ."

ಅಂಗಡಿಯವನು ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಅರೆಯಿಂದ ಧೂಳು ಹಿಡಿದ ಡಬ್ಬವೊಂದನ್ನು ಎಳೆದು ತನ್ನ ಅಂಗಿಯ ತೋಳಿನಿಂದಲೇ ಒರೆಸಿದ. "ಹಳೇ ಮಾದರಿ. ಪರದೆ ಚಿಕ್ಕದು ಅಂತ ಯಾರೂ ಮುಟ್ಟಲ್ಲ. ಆದರೆ ಇದಕ್ಕೆ ನಮ್ಮದೇ ದನಿ ತುಂಬಿಸಬಹುದು." ಬಾಗಿಲಿಗೆ ಹೋಗಿ 'ಮುಚ್ಚಿದೆ' ಎಂಬ ಹಲಗೆಯನ್ನು ಹೊರಕ್ಕೆ ತಿರುಗಿಸಿದ, ಗುಂಯ್‌ಗುಡುತ್ತಿದ್ದ ಫ್ಯಾನನ್ನು ನಿಲ್ಲಿಸಿದ, ತನ್ನ ಫ್ಲಾಸ್ಕಿನಿಂದ ಮುಚ್ಚಳದ ತುಂಬ ಬಿಸಿನೀರು ಬಗ್ಗಿಸಿ ಅವಳ ಕೈಗಿಟ್ಟ.

ಪರದೆಯ ಮೇಲೆ ಒಂದೊಂದೇ ವಾಕ್ಯ ಮೂಡುತ್ತಿತ್ತು. ಅವಳು ಹೇಳಿದಂತೆಲ್ಲ ಯಂತ್ರ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. 'ಎಡಕ್ಕೆ ತಿರುಗಿ' ಎಂದು ಬಂದಾಗ ಅವಳು, "ನನ್ನ ಕಡೆ ತಿರುಗಿಸಿ," ಎಂದಳು.

"ಎಡ ಅಂತ ಹೇಳಬೇಕಮ್ಮ."

"ಎಡ ಅಂದರೆ ಇವರು ತಿರುಪುಳಿ ಹಿಡಿಯೋ ಕೈ ಯಾವುದು ಅಂತ ಯೋಚನೆಗೆ ಕೂತ್ಕೋತಾರೆ. ಅಷ್ಟರಲ್ಲಿ ತಿರುವು ಹಿಂದೆ ಹೋಗಿರುತ್ತೆ. ನನ್ನ ಕಡೆ, ನಿಮ್ಮ ಕಡೆ. ನಮ್ಮ ಕಾರಿನಲ್ಲಿ ಇರೋದು ಎರಡೇ ದಿಕ್ಕು."

ದಾರಿ ತಪ್ಪಿದಾಗ ಹೇಳಬೇಕಾದ ವಾಕ್ಯ ಬಂತು. ಬರೆದದ್ದನ್ನು ಅವಳು ಓದಲೇ ಇಲ್ಲ. "ಪರವಾಗಿಲ್ಲ ರೀ, ಮುಂದೆ ತಿರುಗಿಸಿ." ಮೆಕ್ಯಾನಿಕ್ ಗೋಡೆಯ ಕಡೆ ಮುಖ ಮಾಡಿದ. ಇಷ್ಟು ವರ್ಷದಲ್ಲಿ ಅವನು ತಪ್ಪಿದಾಗಲೆಲ್ಲ ಕೇಳಿದ್ದು ಅದೇ ಮಾತು, ಒಂದು ಸಲವೂ ಸಿಡುಕಿನಿಂದಲ್ಲ.

ಕೊನೆಗೆ ಉಳಿದದ್ದು ಒಂದೇ: 'ನೀವು ಸೇರಬೇಕಾದ ಸ್ಥಳ ಬಂದಿದೆ.' ಅವಳು ಬಾಯಿ ತೆರೆದಳು. ಬರೀ ಗಾಳಿ ಬಂತು. ನೀರು ಕುಡಿದು ಮತ್ತೆ ಪ್ರಯತ್ನಿಸಿದಳು. ಮೂರನೆಯ ಸಲ ಕೆಮ್ಮು ಬಂದು, ಕರವಸ್ತ್ರದಲ್ಲಿ ಕೆಂಪು ಕಂಡಿತು. ಯಾರೂ ನೋಡಬಾರದೆಂದು ಅದನ್ನು ಚಿಕ್ಕದಾಗಿ ಮಡಚಿಕೊಂಡಳು. ಇಬ್ಬರೂ ನೋಡಿದ್ದರು.

"ಸಾಕಮ್ಮ," ಎಂದ ಅಂಗಡಿಯವನು ಮೆಲ್ಲಗೆ. "ಅದೊಂದನ್ನ ಯಂತ್ರದಲ್ಲಿ ಮೊದಲೇ ಇರೋ ಹೆಂಗಸೇ ಹೇಳಿಕೊಳ್ಳಲಿ." ಆಮೇಲೆ ತಾನೇ ಹೊರಗೆ ಬಂದು ಯಂತ್ರವನ್ನು ಕಾರಿನ ಗಾಜಿಗೆ ಅಂಟಿಸಿ, ಅದಕ್ಕೆ ಎರಡು ವಿಳಾಸಗಳನ್ನು ತುಂಬಿಸಿಕೊಟ್ಟ. ಒಂದು ಆಸ್ಪತ್ರೆ, ಇನ್ನೊಂದು ಮನೆ.

ಸಂಜೆ ಅವಳನ್ನು ಆಸ್ಪತ್ರೆಗೆ ಸೇರಿಸಿ ಮೆಕ್ಯಾನಿಕ್ ಒಬ್ಬನೇ ಮನೆಗೆ ಹೊರಟ. ನರ್ಸು ಕೊಟ್ಟ ಚೀಲ ಪಕ್ಕದ ಸೀಟಿನಲ್ಲಿತ್ತು. ಒಳಗೆ ಅವಳ ಚಪ್ಪಲಿ, ಕನ್ನಡಕ, ಬಳೆ. "ನಿಮ್ಮ ಕಡೆ ತಿರುಗಿಸಿ," ಎಂದಿತು ಯಂತ್ರ. ತಿರುಗಿಸಿದ. "ನನ್ನ ಕಡೆ ತಿರುಗಿಸಿ," ಎಂದಾಗ ಚೀಲದತ್ತ ನೋಡಿ ತಿರುಗಿಸಿದ. ಒಂದು ತಪ್ಪೂ ಇಲ್ಲದೆ ಊರಿನ ಆ ತುದಿಯಿಂದ ಈ ತುದಿಗೆ ಬಂದ. ಅವನ ಜೀವಮಾನದಲ್ಲೇ ಇದು ಮೊದಲು.

ಬೀದಿಯ ಮೂಲೆಯಲ್ಲಿ ಅಂಚೆಡಬ್ಬ ಕಂಡಿತು. ಇದೊಂದು ಗುರುತು ಅವನಿಗೂ ಗೊತ್ತಿತ್ತು. "ನನ್ನ ಕಡೆ ತಿರುಗಿಸಿ," ಎಂದಳು ಅವಳು. ತಿರುಗಿಸಿದರೆ ಮೂರನೆಯ ಬಾಗಿಲೇ ಮನೆ. ಅಲ್ಲಿ 'ಸ್ಥಳ ಬಂದಿದೆ' ಎನ್ನುವವಳು ಬೇರೆ ಯಾರೋ.

ಅವನು ಸ್ಟೀರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ನೇರ ಮುಂದಕ್ಕೆ ಹೋದ.

"ಪರವಾಗಿಲ್ಲ ರೀ," ಎಂದಳು ಅವಳು, "ಮುಂದೆ ತಿರುಗಿಸಿ."