ಮಲಗಿಸಬೇಕಿದ್ದ ಕಲ್ಲು

ಅರವತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಮೇಸ್ತ್ರಿಯ ಹೆಂಡತಿಗೆ ಮಂಡಿ ಕೈಕೊಟ್ಟಿತು. ಪಾಳುಬಿದ್ದ ಕೋಟೆಯ ನೆರಳಿಲ್ಲದ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಚ್ಚಿ ಪಾದ ಒತ್ತಿಕೊಂಡಳು. ಬಾಟಲಿಯ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಎರಡು ಬಸ್ಸು ಬದಲಿಸಿ, ಹೊಲಗಳ ನಡುವಿನ ಮಣ್ಣುದಾರಿಯಲ್ಲಿ ಮುಕ್ಕಾಲು ಗಂಟೆ ಕಾಲೆಳೆದುಕೊಂಡು ಬಂದದ್ದು ಗಂಡ ಕಟ್ಟಿದ ಒಂದು ಗೋಡೆ ನೋಡುವುದಕ್ಕೆ. ಯಾರಿಗಾದರೂ ಹೇಳಿದರೆ ನಕ್ಕಾರು.

ಮೂವತ್ತು ವರ್ಷ ಅವನು ಈ ಕೋಟೆಯ ದುರಸ್ತಿ ಕೆಲಸದಲ್ಲಿದ್ದ. ಸೋಮವಾರ ಹೊರಟರೆ ಶನಿವಾರ ಸಂಜೆಗೇ ಮನೆ. ಮಗುವಿಗೆ ಜ್ವರ ಬರಲಿ, ಸೂರು ಸೋರಲಿ, ಎಲ್ಲದಕ್ಕೂ ಇವಳೊಬ್ಬಳೇ. ಅದನ್ನೆಲ್ಲ ಅವಳು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಆದರೆ ಮಗಳು ಹುಟ್ಟಿದಾಗ ಆ ಶನಿವಾರವೂ ಬರದೆ ಅವನು ಮುಖ ತೋರಿಸಿದ್ದು ಎಂಟನೆಯ ದಿನ. ಬಾಣಂತನಕ್ಕೆ ಬಂದಿದ್ದ ಚಿಕ್ಕಮ್ಮ ಇವತ್ತು ಬರುತ್ತಾನೆ, ನಾಳೆ ಬರುತ್ತಾನೆ ಎಂದು ಸಮಾಧಾನ ಹೇಳಿ ಹೇಳಿ ಸೋತಿದ್ದಳು. ಬಂದವನು, ಗಾರೆ ಕಲಸಿ ಆಗಿತ್ತು, ಬಿಟ್ಟು ಬಂದಿದ್ದರೆ ಹಾಳಾಗುತ್ತಿತ್ತು ಎಂದಷ್ಟೇ ಹೇಳಿ ಊಟಕ್ಕೆ ಕೂತಿದ್ದ. ಆ ಮಾತು ಇಪ್ಪತ್ತಾರು ವರ್ಷದಿಂದ ಅವಳ ಗಂಟಲಲ್ಲೇ ಇತ್ತು. ಹೋದ ತಿಂಗಳು ಅವನು ಕೆಲಸ ಬಿಟ್ಟು ಮನೆಯಲ್ಲಿ ಕೂತಾಗ, ಆಗ ಕಟ್ಟುತ್ತಿದ್ದ ಗೋಡೆಯನ್ನು ಒಮ್ಮೆ ತೋರಿಸಿ ಎಂದು ಹಠ ಹಿಡಿದವಳು ಇವಳೇ. ಸವತಿಯ ಮುಖ ಒಂದು ಸಲವಾದರೂ ನೋಡಬೇಡವೇ?

ಉಳಿದ ಮೆಟ್ಟಿಲನ್ನು ಗಂಡನ ಹಿಂದೆ ಹತ್ತಿ, ಗೋಡೆಯ ಮುಂದೆ ನಿಂತು ನೋಡಿದರೆ ನಿರಾಸೆಯಾಯಿತು. ಅಕ್ಕಪಕ್ಕದ ಹಳೆಯ ಗೋಡೆಗಳಿಗೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗೆ ಗೊತ್ತೇ ಆಗದಂತೆ ಕಟ್ಟುವುದಕ್ಕೇ ತಮ್ಮಂಥವರನ್ನು ಕೆಲಸಕ್ಕೆ ಇಟ್ಟುಕೊಂಡದ್ದು ಎಂದು ಅವನು ತಿಳಿಹೇಳಿದ. ಗೋಡೆಗೆ ಬೆನ್ನು ಒರಗಿಸಿ ನಿಂತವನು ಅಲ್ಲಿಂದಲೇ ಅದು ನೋಡು, ಇದು ನೋಡು ಎಂದು ಕೈ ತೋರಿಸುತ್ತಿದ್ದನೇ ಹೊರತು ಒಂದು ಹೆಜ್ಜೆ ಕದಲಲಿಲ್ಲ. ಅವನಿಗೂ ಸುಸ್ತಾಗಿರಬೇಕು ಎಂದುಕೊಂಡಳು.

ಅಷ್ಟರಲ್ಲಿ ಎಂಟು ಹತ್ತು ಜನರನ್ನು ಹಿಂದೆ ಹಾಕಿಕೊಂಡು ಗೈಡ್ ಬಂದ.

"ಯಜಮಾನ್ರೇ, ಸ್ವಲ್ಪ ಪಕ್ಕಕ್ಕೆ ಬನ್ನಿ. ಗುಂಡಿನ ಗುರುತು ಇರೋದು ಅಲ್ಲೇ."

ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಸರಿದ. ಅವನ ಬೆನ್ನ ಹಿಂದೆ ಒಂದು ಕಲ್ಲಿತ್ತು. ಸುತ್ತಲಿನವೆಲ್ಲ ನುಣ್ಣಗೆ ಕೂತಿದ್ದರೆ ಅದೊಂದು ಮಾತ್ರ ಪದರಪದರವಾಗಿ ಉದುರಿ ಬೊಗಸೆಯಷ್ಟು ಗುಳಿ ಬಿದ್ದಿತ್ತು. ಶತ್ರುಗಳ ಫಿರಂಗಿ ಗುಂಡು ಬಡಿದದ್ದು ಇಲ್ಲೇ, ಗೋಡೆ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ, ಈಗಿನವರ ಕೈಯಲ್ಲಿ ಇಂಥ ಕೆಲಸ ಆದೀತೇ ಎಂದು ಗೈಡ್ ಬಾಯಿಪಾಠ ಒಪ್ಪಿಸಿದ. ಜನ ಗುಳಿಯಲ್ಲಿ ಕೈಯಿಟ್ಟು ಫೋಟೊ ತೆಗೆಸಿಕೊಂಡು ಮುಂದೆ ಹೋದರು. ಮೇಸ್ತ್ರಿ ತಲೆ ಎತ್ತಲಿಲ್ಲ.

"ಗೋಡೆ ನಾನೇ ಕಟ್ಟಿದ್ದು ಅಂದ್ರಿ. ಮತ್ತೆ ಗುಂಡು ಯಾವಾಗ ಬಿತ್ತು?"

"ಗುಂಡೂ ಇಲ್ಲ, ಮಣ್ಣೂ ಇಲ್ಲ," ಎಂದ.

ಕಲ್ಲು ನೆಲದೊಳಗೆ ಹೇಗೆ ಮಲಗಿತ್ತೋ ಗೋಡೆಯಲ್ಲೂ ಅದನ್ನು ಹಾಗೆಯೇ ಮಲಗಿಸಬೇಕಂತೆ. ಪದರಗಳು ನೆಟ್ಟಗಾಗುವಂತೆ ಎಬ್ಬಿಸಿ ನಿಲ್ಲಿಸಿದರೆ ಕೆಲವು ವರ್ಷಕ್ಕೆ ಅದರ ಮುಖ ಸುಲಿದು ಬರುತ್ತದಂತೆ. ಈ ಕಲ್ಲನ್ನು ಅವನು ಹಾಗೆ ನಿಲ್ಲಿಸಿಬಿಟ್ಟಿದ್ದ; ನಿನ್ನೆ ಮೊನ್ನೆ ಉಳಿ ಹಿಡಿದವನೂ ಮಾಡದ ತಪ್ಪು. ಮೂವತ್ತು ವರ್ಷದಲ್ಲಿ ಅವನ ಕೈಯಿಂದ ಆದ ಎಡವಟ್ಟು ಇದೊಂದೇ. ಮಾರನೆಯ ಬೆಳಗ್ಗೆ ಅವನ ಕಣ್ಣಿಗೆ ಬೀಳುವಷ್ಟರಲ್ಲಿ ಮೇಲೆ ಎರಡು ಸಾಲು ಕಟ್ಟಿಯಾಗಿತ್ತು. ಯಾರಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದ. ಇವತ್ತೂ ಅದನ್ನು ಬೆನ್ನಿನಿಂದ ಮರೆಮಾಡಿಕೊಂಡೇ ನಿಂತಿದ್ದ.

"ಅಂಥಾದ್ದೇನಾಗಿತ್ತು ಅವತ್ತು?" ಎಂದು ಅವಳು ಕೇಳಿದಳು.

ಅವನು ಗುಳಿಯ ಅಂಚನ್ನು ಬೆರಳಿನಿಂದ ಸವರಿದ. "ಟಿಕೆಟ್ ಕೌಂಟರ್‌ಗೆ ಫೋನ್ ಬಂದಿತ್ತು. ಹೆಣ್ಣುಮಗು, ತಾಯಿ ಮಗು ಇಬ್ರೂ ಚೆನ್ನಾಗಿದ್ದಾರೆ ಅಂದ್ರು. ಆಮೇಲೆ ಈ ಕಲ್ಲು ಎತ್ಕೊಂಡಿದ್ದು ಗೊತ್ತು. ಹೇಗೆ ಇಟ್ಟೆ ಅನ್ನೋದು ಗೊತ್ತಿಲ್ಲ."

ಅವಳ ಕಣ್ಣು ತುಂಬಿತು. ಅದರ ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷ ಹೊತ್ತದ್ದೆಲ್ಲ ಒಮ್ಮೆಲೇ ಮೈಮೇಲೆ ಕುಸಿದಂತೆ ಆಯಾಸವಾಯಿತು. ಗೋಡೆ ಹಿಡಿದು ಅಲ್ಲೇ ಕೂತಳು.

"ಮನೆಗೆ ಬಂದಾಗ ಇದನ್ನ ಹೇಳೋಕೇನಾಗಿತ್ತು?"

"ಕೆಲಸ ಕೆಡಿಸಿದ್ದನ್ನ ಯಾರಾದ್ರೂ ಹೆಂಡತಿ ಹತ್ರ ಹೇಳ್ಕೋತಾರಾ?" ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಹೇಳ್ಕೋಬೇಕಿತ್ತು ರೀ," ಎಂದಳು. "ಎಂಟು ದಿನ ನಾನು ಬಾಗಿಲ ಕಡೆಗೇ ಮುಖ ಮಾಡ್ಕೊಂಡು ಮಲಗಿದ್ದೆ."