ಹೂಮಾಲೆಯ ದೋಣಿ

ನೌಕಾಪಡೆಯ ಹವಾಮಾನ ವಿಭಾಗದಿಂದ ನಿವೃತ್ತರಾದವರ ಸಂಘದಲ್ಲಿ ಒಂದು ಪದ್ಧತಿ. ಕಡಲಲ್ಲಿ ಸತ್ತ ಸಂಗಾತಿಗಳಿಗೆ ವರ್ಷಕ್ಕೊಮ್ಮೆ ಮುಖ್ಯ ಅತಿಥಿ ನೀರಿಗೆ ಹೂಮಾಲೆ ಬಿಡಬೇಕು. ಹವೆ ಚೆನ್ನಾಗಿದೆ ಎಂದು ಹೇಳಿದವನೇ ದೋಣಿ ನಡೆಸಬೇಕು.

ಈ ಸಲದ ಅತಿಥಿ ಹಳೇ ಕಮಾಂಡರ್. ಹಿಂದೊಮ್ಮೆ ಬಿರುಗಾಳಿ ಬರುತ್ತಿದೆಯೆಂದು ಅವರ ಕೈಕೆಳಗೆ ಹವೆ ನೋಡುತ್ತಿದ್ದ ಐತಪ್ಪ ಬ್ಯಾರೋಮೀಟರ್ ಹಿಡಿದು ಓಡಿ ಬಂದಾಗ, "ನಿನ್ನ ಡಬ್ಬಿ ಒಳಗಿಡು" ಎಂದು ಅದರತ್ತ ಕಣ್ಣೂ ಹಾಯಿಸದೆ ಬೋಟು ಕಳಿಸಿದವರು. ಆ ಬೋಟಿನಲ್ಲಿ ಹೋದ ಐತಪ್ಪನ ತಮ್ಮ ಮರಳಲಿಲ್ಲ.

"ಹವೆ ಹೇಗಿದೆ, ಐತಪ್ಪ?"

"ತಿಳಿಯಾಗಿದೆ, ಸರ್."

"ಹಳೇದನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡಿಲ್ಲ ತಾನೆ?"

"ಇಟ್ಟುಕೊಂಡಿದ್ದರೆ ನಿಮ್ಮ ಜೊತೆ ನಾನೂ ಹತ್ತುತ್ತಿದ್ದೆನಾ?"

ಕಮಾಂಡರ್ ನಿರಾಳವಾಗಿ ನಕ್ಕು ದೋಣಿ ಹತ್ತಿದರು.

ದಡ ಕಣ್ಮರೆಯಾದ ಮೇಲೆ ಅವರು ಮಾಲೆಯನ್ನು ನೀರಿಗೆ ಬಿಟ್ಟರು. "ಗಾಳಿ ಎದ್ದ ಹಾಗಿದೆ. ಬೇಗ ತಿರುಗಿಸಪ್ಪ."

ಐತಪ್ಪ ಎಂಜಿನ್ ನಿಲ್ಲಿಸಿದ. ಚೀಲದಿಂದ ಅದೇ ಬ್ಯಾರೋಮೀಟರ್ ತೆಗೆದು ಅವರ ಮಡಿಲಲ್ಲಿಟ್ಟ. ಅದರ ಮುಳ್ಳು ಬಿರುಗಾಳಿಯ ಸೂಚನೆ ಕೊಡುತ್ತ ಬೆಳಗಿನಿಂದಲೇ ಇಳಿಯುತ್ತಿತ್ತು.

"ಅವತ್ತು ನೋಡಲಿಲ್ಲ. ಈಗ ನಿಧಾನವಾಗಿ ನೋಡಿ, ಸರ್."