ಚನ್ನವೀರಪ್ಪನ ಕನಸಿಗೊಂದು ಟಿವಿ

ಕನಸುಗಳು ಟಿವಿಯಲ್ಲಿ ಕಾಣಲು ಶುರುವಾದ ಮೇಲೆ, ಟಿವಿ ಕೊಳ್ಳುವವರು ಹಿಂದಿನ ರಾತ್ರಿಯ ಕನಸನ್ನೇ ಹಾಕಿಸಿ ಪರೀಕ್ಷಿಸುತ್ತಿದ್ದರು. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಗುರುಬಸವ್ವ ಗಂಡ ಚನ್ನವೀರಪ್ಪನ ಕೈಹಿಡಿದು ಬಂದಳು. ಅವನಿಗೆ ಕಣ್ಣು ಹೋಗಿ ಎಷ್ಟೋ ವರ್ಷಗಳಾಗಿದ್ದವು. ಕನಸಿನಲ್ಲಿ ಮಾತ್ರ ಎಲ್ಲ ಕಾಣುತ್ತಿತ್ತು.

ಗೋಡೆಯಗಲದ ಎಲ್‌ಇಡಿ ಪರದೆಯ ಮೇಲೆ ಅವನ ಕನಸು ತೆರೆದುಕೊಂಡಿತು. ಸೂರ್ಯಕಾಂತಿಯ ಹೊಲ, ಅದರ ನಡುವೆ ಹಸಿರು ಇಳಕಲ್ ಸೀರೆಯುಟ್ಟ ಗುರುಬಸವ್ವ.

"ಹೆಂಗೈತಿ?" ಎಂದು ಅವನು ಕೇಳಿದ.

"ಹಳದಿ ಬಣ್ಣಕ್ಕ ಜೀವ ಬಂದಂಗೈತ್ರಿ. ಕತ್ತಲಿದ್ದಲ್ಲಿ ಮಾತ್ರ ಅಂಚಿನ್ಯಾಗ ಬೆಳಕು ಸೋರತೈತಿ. ಬದಿಗೆ ನಿಂತ್ರ ಬಣ್ಣ ಮಾಸತಾವ."

"ನಿನ್ನ ಮುಖ?"

ಮುಖವಿರಬೇಕಾದಲ್ಲಿ ಬರೀ ಮಂಜಿತ್ತು. ಟಿವಿಯ ದೋಷ ಎನ್ನಬಹುದಿತ್ತು. ಆದರೆ ಸೀರೆಯ ಎಳೆ ಎಳೆಯೂ ಸ್ಪಷ್ಟವಾಗಿತ್ತು.

"ಮುಖ ಮರತೀರಿ" ಎಂದು ಮೆಲ್ಲಗೆ ಹೇಳಿ, ಅವನ ಬೆರಳುಗಳನ್ನು ತನ್ನ ಹಣೆಯ ಮೇಲಿಟ್ಟುಕೊಂಡಳು. ಜನರೆದುರೇ ಅವನು ಅವಳ ಕೆನ್ನೆ, ಗದ್ದ, ಸುಕ್ಕುಗಳನ್ನೆಲ್ಲ ನಿಧಾನವಾಗಿ ತಡವಿದ.

"ನಾಳೆ ಮತ್ತ ಬರೂಣು" ಎಂದ.

ಮರುದಿನ ಅದೇ ಪರದೆಯ ಮೇಲೆ ಅದೇ ಹೊಲ ಮೂಡಿತು. ಹೂಗಳ ನಡುವಿನಿಂದ ಮುದುಕಿಯೊಬ್ಬಳು ನಗುತ್ತ ನಡೆದು ಬಂದಳು.

"ಈಗ?" ಎಂದ ಚನ್ನವೀರಪ್ಪ.

"ಈಗ ನಾನೇ ಅದೀನ್ರಿ" ಎಂದು ಗುರುಬಸವ್ವ ಕಣ್ಣೊರೆಸಿಕೊಂಡು, ಅಂಗಡಿಯವನತ್ತ ತಿರುಗಿದಳು. "ಇದನ್ನೇ ಕಟ್ಟಿಕೊಡಪಾ."